ಮೂವತ್ತನಾಲ್ಕನೆಯ ನಿಮಿಷ

"ಒಂದು ಸಹಿ ಮಾಡಾಕ ಇಷ್ಟೊತ್ತು ಬೇಕಾ? ಪೆನ್ನು ಭಾರ ಆತೇನು?"

ಸಾಕ್ಷಿ ಬೆಳಗಾವಿಯಿಂದ ಖಾನಾಪುರದವರೆಗೆ ಸ್ಕೂಟರಿನಲ್ಲೇ ಬಂದಿದ್ದಳು. ಹೆಲ್ಮೆಟ್ಟಿನಿಂದ ಹಣೆಗೆ ಅಂಟಿದ್ದ ಕೂದಲನ್ನು ಮೊಣಕೈಯಿಂದ ಸರಿಸಿಕೊಂಡು ನಗುತ್ತಿದ್ದಳು. ಗೌರೀಶ ಆ ನಗುವನ್ನು ನೋಡಿದ. ರಿಪೋರ್ಟಿನ ಕೊನೆಯ ಪುಟದಲ್ಲಿ ತನ್ನ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದ ಗೆರೆಯನ್ನೂ ನೋಡಿದ.

ಅವನು ಇಲ್ಲಿನ ಸಣ್ಣ ಖಾಸಗಿ ಆಸ್ಪತ್ರೆಯೊಂದರಲ್ಲಿ ರಕ್ತ ಸಂಗ್ರಹದ ಟೆಕ್ನಿಶಿಯನ್. ಅವಳು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಪುಟ್ಟ ಕಂಪನಿಯೊಂದರಲ್ಲಿ ಎಂಜಿನಿಯರ್. ರಕ್ತ ಏರಿಸುವಾಗ ಚೀಲಕ್ಕೂ ಸೂಜಿಗೂ ನಡುವೆ ಕೂರಿಸುವ ಅಂಗೈಯಗಲದ ಫಿಲ್ಟರ್ ಅವಳ ಎರಡು ವರ್ಷದ ಕೆಲಸ. ರೋಗಿಗೆ ಜ್ವರ ತರಿಸುವ ಬಿಳಿ ರಕ್ತಕಣಗಳನ್ನು ಅದು ಹಿಡಿದಿಡಬೇಕು, ಹಿಡಿಯುತ್ತ ಹಿಡಿಯುತ್ತ ತಾನೇ ಕಟ್ಟಿಕೊಳ್ಳಬಾರದು. ಮೊದಲ ಹನಿ ಬಿದ್ದ ವೇಗದಲ್ಲೇ ಕೊನೆಯದೂ ಬೀಳಬೇಕು. ಕಳೆದ ಗುರುವಾರ, ಅವಧಿ ಮುಗಿದ ರಕ್ತದ ಚೀಲ ತೂಗುಹಾಕಿ ಮಾಡಿದ ಪರೀಕ್ಷೆಯಲ್ಲಿ ಹಾಗೇ ಬಿದ್ದಿತ್ತು. ಅವಳು ಕೆಳಗೆ ಕೂತು ಹನಿ ಎಣಿಸಿದ್ದಳು. ಅವನು ಚೀಲದ ಪಕ್ಕ ನಿಂತಿದ್ದ. ಆ ಪರೀಕ್ಷೆಯ ರಿಪೋರ್ಟಿಗೇ ಈಗ ಅವನ ಸಹಿ ಬೇಕಿತ್ತು.

"ನಾಲ್ಕಕ್ಕ ನಮ್ಮ ಮಾಲಕ ಬುರಾನುದ್ದೀನ ಸಾಹೇಬರ ಕೈಯಾಗ ಇದು ಇರಬೇಕು. ಫಿಲ್ಟರ್ ಮಾಡೂ ಅಚ್ಚಿನ ಆರ್ಡರ್ ಇವತ್ತ ಹೋಗೂದೈತಿ. ಆಮ್ಯಾಲೆ ನಿಮ್ಮ ಅವ್ವನ್ನ ಕಾಣಾಕ ಬರತೀನಿ. ಸೀರಿನೋ, ಚೂಡಿದಾರೋ?"

"ನಡೀತೈತಿ."

"ಯಾವದು?"

ಅವನು ಪೆನ್ನಿನ ಕ್ಯಾಪ್ ತೆಗೆದ, ಮತ್ತೆ ಹಾಕಿದ. ಸಾಕ್ಷಿಯ ನಗು ನಿಂತಿತು.

"ಮನ್ಯಾಗ ಏನರ ಅಂದ್ರೇನು? ನಾ ಬ್ಯಾಡ ಅನ್ನೂದಿದ್ರ ನನ್ನ ಮಾರಿ ಮುಂದ ಅನ್ನು. ರಿಪೋರ್ಟ್ ಹಿಡಕೊಂಡು ಆಟ ಆಡಬ್ಯಾಡ."

"ನೀ ಅಲ್ಲ. ಈ ರಿಪೋರ್ಟ್ ಖರೇ ಇಲ್ಲ." ಅವನು ಪೆನ್ನನ್ನು ಮೇಜಿನ ಮೇಲಿಟ್ಟ. "ಗುರುವಾರ ಮೂವತ್ತನಾಲ್ಕನೇ ನಿಮಿಷಕ್ಕ ಹನಿ ಸಾವಕಾಶ ಆತು. ನಾ ಚೀಲಾ ಹಿಚಕಿದೆ."

"ಎಷ್ಟು ಸಲ?"

"ಕೊನೀತನಕ."

ವಾರ್ಡಿನಲ್ಲಿ ಎಲ್ಲರ ಕೈಗೂ ಇರುವ ರೂಢಿ ಅದು. ಹನಿ ನಿಧಾನವಾದರೆ ಕೈ ತಾನಾಗಿ ಚೀಲಕ್ಕೆ ಹೋಗುತ್ತದೆ. ಆರು ವರ್ಷದಿಂದ ಅವನೂ ಮಾಡಿದ್ದು ಅದನ್ನೇ.

"ಮೊದಲನೇದು ರೂಢಿ," ಅಂದ. "ಎರಡನೇದು ಅಲ್ಲ."

ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದ. ಅವಳು ಬ್ಯಾಗಿನಿಂದ ಒಂದು ಫಿಲ್ಟರ್ ತೆಗೆದಳು.

"ಅವಧಿ ಮುಗಿದ ಚೀಲಾ ಐತೇನು?"

"ಒಂದೈತಿ. ಪರೀಕ್ಷಾಕ್ಕ ಕೊಡ್ರಿ ಅಂತ ಡಾಕ್ಟರ್ ಹೇಳ್ಯಾರ."

"ಹಚ್ಚು. ಹಚ್ಚಿ ಇಲ್ಲಿ ಬಾ. ಕೈ ಕೊಡು. ಎರಡೂ."

ಅವನ ಎರಡೂ ಮಣಿಕಟ್ಟುಗಳನ್ನು ತನ್ನ ಎಡಗೈಯಲ್ಲಿ ಒಟ್ಟಿಗೆ ಹಿಡಿದು, ಬಲಗೈಯಲ್ಲಿ ಮೊಬೈಲಿನ ಗಡಿಯಾರ ಒತ್ತಿದಳು. ಪರಿಚಯವಾಗಿ ವರ್ಷವಾಗಿದ್ದರೂ ಅವಳು ಅವನ ಕೈ ಹಿಡಿದದ್ದು ಇದೇ ಮೊದಲು. ಮಲಪ್ರಭೆಯ ದಂಡೆಯ ಮೇಲೋ, ಬಸ್ಸಿನ ನೂಕುನುಗ್ಗಲಿನಲ್ಲೋ ಇದು ಆಗಬಹುದು ಅಂತ ಅವನು ಎಷ್ಟೋ ಸಲ ಅಂದುಕೊಂಡಿದ್ದ. ಅವಳ ಉಗುರು ಚರ್ಮಕ್ಕೆ ನಾಟುತ್ತಿತ್ತು.

ನರ್ಸ್ ಸಿದ್ದಕ್ಕ ಬಾಗಿಲಿಗೆ ಬಂದು ನಿಂತಳು. "ಏನವಾ, ಕಳ್ಳ ಸಿಕ್ಕನೇನು?"

"ಹೂಂನ್ರೀ. ಬಿಟ್ರ ಚೀಲಾ ಹಿಚಕತಾನ."

"ಅಯ್ಯ, ನಾವೆಲ್ಲಾ ಹಿಚಕಾವರ ಬಿಡವಾ. ಹಂಗಾದ್ರ ನನ್ನೂ ಹಿಡಕೊ." ನಗುತ್ತ ಹೊರಟುಹೋದಳು. ಒಳಗೆ ಯಾರೂ ನಗಲಿಲ್ಲ.

ಮೊದಲ ನಿಮಿಷ ತೊಂಬತ್ತೆರಡು ಹನಿ. ಹತ್ತನೆಯದರಲ್ಲಿ ತೊಂಬತ್ತೊಂದು. ಮೂವತ್ತರಲ್ಲಿ ಎಂಬತ್ತೆಂಟು. ಗೌರೀಶನಿಗೆ ಆಸೆ ಹುಟ್ಟಿತು. ತಾನು ಹಿಚುಕದಿದ್ದರೂ ಅವತ್ತು ಪಾಸಾಗುತ್ತಿತ್ತೇನೋ.

ಮೂವತ್ತನಾಲ್ಕನೆಯ ನಿಮಿಷಕ್ಕೆ "ಎಪ್ಪತ್ತು," ಅಂದಳು ಸಾಕ್ಷಿ.

ಅವನ ಬೆರಳುಗಳು ಹೇಳದೆ ಕೇಳದೆ ಅಲುಗಿದವು. ಅವಳು ಹಿಡಿತ ಬಿಗಿ ಮಾಡಿದಳು.

"ಐವತ್ತೊಂದು."

ಅವಳ ದನಿ ಸಣ್ಣದಾಯಿತು. ನಲವತ್ತನೆಯ ನಿಮಿಷಕ್ಕೆ ಮೂವತ್ತೆಂಟು. ಚೀಲದಲ್ಲಿ ಇನ್ನೂ ಮೂರರಲ್ಲೊಂದು ಪಾಲು ರಕ್ತ ಇತ್ತು.

ಕೈ ಬಿಟ್ಟು, ಗ್ಲೋವ್ಸ್ ಹಾಕಿ, ಫಿಲ್ಟರನ್ನು ಟ್ರೇಯಲ್ಲಿಟ್ಟು ಕೊಯ್ದಳು. ಒಳಗಿನ ಸೋಸುವ ಪದರದ ನಡುವೆ ರೂಪಾಯಿಯಗಲ ಕಪ್ಪಗಾಗಿತ್ತು. ಅಂಚೆಲ್ಲ ಬೆಳ್ಳಗೇ ಉಳಿದಿತ್ತು.

"ರಕ್ತ ಹರಡಾಕತ್ತಿಲ್ಲ. ಒಂದ ಕಡೆ ಬಿದ್ದು ಅಲ್ಲೇ ಕಟ್ಟಕೊಳ್ಳಾಕತ್ತೈತಿ. ಒಳಗ ಬರೂ ಬಾಯಿ ಕೆಳಗ ನಾಲ್ಕೂ ಕಡೆ ರಕ್ತ ಹರಿಯಾಕ ಗೀರು ಕೊಡಬೇಕು." ಟ್ರೇಯನ್ನು ಪಕ್ಕಕ್ಕೆ ಸರಿಸಿದಳು. "ಗುರುವಾರ ಅಂಕಿ ಚೊಲೋ ಬಂತಂತ ಬಿಚ್ಚಿ ನೋಡಲಿಲ್ಲ ನಾ."

ಬುರಾನುದ್ದೀನ ಸಾಹೇಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ಸಾಹೇಬ್ರ, ಆರ್ಡರ್ ನಿಲ್ಲಸ್ರಿ. ಪಾಸಾಗಿಲ್ಲ."

"ಅರೆ ಬೇಟಾ, ಗುರುವಾರ ಆಗಿತ್ತಲ್ಲ?"

ಅವಳು ಉತ್ತರಿಸುವ ಮೊದಲೇ ಗೌರೀಶ ಫೋನಿನತ್ತ ಬಗ್ಗಿದ. "ಗುರುವಾರ ನಾ ಚೀಲಾ ಹಿಚಕಿದ್ದೆ ಸಾಹೇಬ್ರ. ಆಕಿಗೆ ಗೊತ್ತಿರಲಿಲ್ಲ."

 "ನೀ ಇನ್ನ ನಮ್ಮ ಪರೀಕ್ಷಾಕ್ಕ ಬರಬ್ಯಾಡಪಾ." ಫೋನ್ ಕಟ್ಟಾಯಿತು.

ಸಾಕ್ಷಿ ಕೈ ತೊಳೆದಳು. ಬೆನ್ನು ತಿರುಗಿಸಿಯೇ ಕೇಳಿದಳು.

"ಎರಡನೇದು ಯಾಕ ಹಿಚಕಿದಿ?"

"ನಿನ್ನ ಮಾರಿ ನೋಡಿದೆ. ಇಳ್ಯಾಕತ್ತಿತ್ತು. ಅದನ್ನ ನೋಡಾಕ ಆಗಲಿಲ್ಲ." ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ನಿನ್ನ ಬಿಟ್ಟು ನನಗ ಯಾರೂ ಬ್ಯಾಡ, ಸಾಕ್ಷಿ."

"ಇದನ್ನ ಯಾವದರ ಕೂಸಿಗೆ ಹಚ್ಚಿ, ರಕ್ತ ನಡುವ ನಿಂತಿದ್ರ?"

"ನಾಲ್ಕು ದಿನ ಅದನ್ನ ಯೋಚನಿ ಮಾಡೀನಿ. ಅದಕ್ಕ ಹೇಳಿದೆ."

ಅವಳು ತಿರುಗಿದಳು. ಕಣ್ಣು ಕೆಂಪಗಿತ್ತು, ಸಿಟ್ಟು ಇನ್ನೂ ಹೋಗಿರಲಿಲ್ಲ. ಹತ್ತಿರ ಬಂದು, ಉಗುರು ನಾಟಿದ್ದ ಜಾಗವನ್ನು ಹೆಬ್ಬೆರಳಿಂದ ಒಂದು ಸಲ ಒರೆಸಿದಳು.

"ನನ್ನ ಮಾರಿ ಇಳಿಯೂದನ್ನ ಸುಮ್ಮನ ನಿಂತು ನೋಡೂದು ಕಲಿ. ಇನ್ನ ಭಾಳ ಸಲ ಇಳೀತೈತಿ. ಅವಾಗೆಲ್ಲಾ ನೀ ಬಾಜೂಕ ಇರಬೇಕು."