ಕೆಂಪು ಬಳಿಯದ ಕೈಪಂಪು

"ಒಂದು ಹನಿ ಬಣ್ಣ ಬಿದ್ರೂ ನಾನು ಸುಮ್ಮನಿರಲ್ಲ!"

ಕೈಪಂಪಿನ ಮುಂದೆ ಎರಡೂ ಕೈ ಚಾಚಿ ನಿಂತಿದ್ದ ಆತ. ಕೊರಳಲ್ಲಿ ಅಳತೆ ಟೇಪು, ಅಂಗಿಯ ಮೇಲೆಲ್ಲ ದಾರದ ಚೂರು. ಬೀದಿಗೆಲ್ಲ ನೀರು ಈ ಟೈಲರ್ ಮನೆಯಂಗಳದಿಂದಲೇ ಹೋಗುತ್ತಿತ್ತು.

ಅವಳ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ. ನೀರು ಪರೀಕ್ಷಿಸಿ, ಒಳ್ಳೆಯ ಪಂಪಿಗೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಬಳಿಯುವುದು ಅವಳ ಸಂಸ್ಥೆಯ ಕೆಲಸ. ಬೀದಿಯ ಬಾಯಲ್ಲಿ ಅವಳಾಗಲೇ 'ಪೇಂಟ್ ಮೇಡಂ' ಆಗಿಬಿಟ್ಟಿದ್ದಳು.

"ಈ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದೆ ರೀ. ಮೂಳೆ ಹಾಳಾಗುತ್ತೆ. ದಾರಿ ಬಿಡಿ!"

"ನನ್ನ ತಂಗಿಗೆ ಈಗ ತಾನೇ ಒಂದು ಸಂಬಂಧ ಕೂಡಿ ಬಂದಿದೆ ಮೇಡಂ. ಕೆಂಪು ಪಂಪಿನ ಮನೆ ಹುಡುಗಿ ಅಂದ್ರೆ, ನಾಳೆ ಸೊಂಟ ಬಾಗುತ್ತೆ ಅಂತ ಯಾರೂ ಮಾಡ್ಕೊಳ್ಳಲ್ಲ. ಮದುವೆ ಮುಗಿಯೋವರೆಗೆ ತಡ್ಕೊಳ್ಳಿ... ಕೈ ಮುಗೀತೀನಿ."

ಅಷ್ಟು ಹೊತ್ತು ಗುಡುಗುತ್ತಿದ್ದವನ ದನಿ ಒಡೆದುಹೋಯಿತು. ಅವಳ ಮನಸ್ಸು ಕರಗಿದ್ದು ಅಲ್ಲೇ.

"ಆಯ್ತು. ಆದ್ರೆ ಬೀದಿಯವರಿಗೆಲ್ಲ ಎಚ್ಚರ ಹೇಳೋ ಜವಾಬ್ದಾರಿ ನಿಮ್ಮದು."

ಏನು ಹೇಳಬೇಕು, ಜನ ಏನು ಮಾಡಬೇಕು, ಒಂದನ್ನೂ ಬಿಡಿಸಿ ಹೇಳಲಿಲ್ಲ ಅವಳು. ಕಲಿತವಳು, ಬೇರೆಯವರಿಗೆ ಕಲಿಸುವವಳು! ಆ ಗಳಿಗೆಯಲ್ಲಿ ಅವನ ಕಣ್ಣು ನೋಡುತ್ತ ಮೈಮರೆತಿದ್ದಳು, ಅಷ್ಟೇ.

ಆಮೇಲೆ ವಾರಕ್ಕೊಮ್ಮೆ ಮರುಪರೀಕ್ಷೆಯ ನೆಪ. ವಾರವಾರ ಬದಲಾಗುವ ನೀರಲ್ಲ ಅದು ಎಂದು ಅವಳಿಗೂ ಗೊತ್ತು, ಮುಸಿಮುಸಿ ನಗುತ್ತಿದ್ದ ಅವನ ತಂಗಿಗೂ ಗೊತ್ತು. ಪರೀಕ್ಷೆಯ ಸೀಸೆಗಳಿಗೆಂದೇ ಅವನು ಅವಳ ಕೋಟಿಗೆ ದೊಡ್ಡ ಜೇಬು ಹೊಲಿದುಕೊಟ್ಟ. 'ಇವನೆದುರು ನನಗ್ಯಾಕೆ ಮಾತೇ ಬರಲ್ಲ?' ಎಂದು ಅವಳು ಬಸ್ಸಿನುದ್ದಕ್ಕೂ ಯೋಚಿಸುತ್ತಿದ್ದಳು.

ಕೆಲವು ತಿಂಗಳ ನಂತರ, ಗಂಡಿನ ಕಡೆಯವರು ಮಾತು ಮುಗಿಸಲು ಬಂದ ದಿನ ಅವಳೂ ಅಲ್ಲಿದ್ದಳು. ಮಂಡಿನೋವಿನ ಅವನ ಅಮ್ಮ ಕುಂಟುತ್ತ ಬಂದು ಅವಳಿಗೆ ನೀರಿನ ಲೋಟ ನೀಡಿದರು.

"ಧೈರ್ಯವಾಗಿ ಕುಡಿ ಮಗಳೇ. ಅರ್ಧಕ್ಕೆ ಇಳಿಯೋವರೆಗೂ ಕುದಿಸಿದ್ದೀವಿ. ನನ್ನ ಮಗ ಬೀದಿಗೆಲ್ಲ ಇದನ್ನೇ ಕಲಿಸಿದ್ದಾನೆ!"

ಅವಳು ಲೋಟ ಕೆಳಗಿಟ್ಟಳು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಉಳಿದ ನೀರಿನಲ್ಲಿ ಅದು ಇನ್ನೂ ದಟ್ಟವಾಗುತ್ತದೆ. ಇಷ್ಟು ತಿಂಗಳು... ಇಡೀ ಬೀದಿ!

ಭಯವೆಲ್ಲ ಕೋಪವಾಗಿ ನಾಲಿಗೆಗೆ ಬಂತು.

"ಬುದ್ಧಿ ಇದೆಯೇನ್ರೀ ನಿಮಗೆ? ತಂಗಿ ಮದುವೆಗೋಸ್ಕರ ಊರಿಗೆಲ್ಲ ವಿಷ ಕುಡಿಸಿದ್ರಾ?"

"ಮೇಡಂ, ನಾನು... ಕುದಿಸಿದ್ರೆ ಒಳ್ಳೇದು ಅಂತ..."

ಕೇಳುವ ತಾಳ್ಮೆ ಅವಳಿಗಿರಲಿಲ್ಲ. ಬಂದವರ ಎದುರಿಗೇ ಚೀಲದಿಂದ ಡಬ್ಬಿ ತೆಗೆದು ಪಂಪಿಗೆ ಕೆಂಪು ಬಳಿದಳು. ಗಂಡಿನ ಕಡೆಯವರು ಒಬ್ಬೊಬ್ಬರಾಗಿ ಎದ್ದು ಹೋದರು. ಅವನು ತಡೆಯಲಿಲ್ಲ. ಮರುವಾರವೇ ಅವಳು ದೂರದ ಕಚೇರಿಗೆ ವರ್ಗ ಮಾಡಿಸಿಕೊಂಡು ಹೋದಳು.

ಕೋಪ ಇಳಿದ ಮೇಲೆ ಉಳಿದದ್ದು ಒಂದೇ. ತಪ್ಪು ಅವನದಲ್ಲ, ತನ್ನದು... ಅಂದೇ ಬಣ್ಣ ಬಳಿದಿದ್ದರೆ, ಇಲ್ಲವೇ ಕುದಿಸಿದರೂ ಕುಡಿಯಬೇಡಿ ಎಂಬ ಒಂದು ಮಾತು ಆಡಿದ್ದರೆ! ಹೇಳಬೇಕಾದಾಗ ಸುಮ್ಮನಿದ್ದು, ಸುಮ್ಮನಿರಬೇಕಾದಾಗ ಬಾಯಿಗೆ ಬಂದಂತೆ ಅಂದುಬಿಟ್ಟಿದ್ದಳು. ಇದೇ ಕೊರಗಿನಲ್ಲಿ ಎರಡು ವರ್ಷ ಸವೆಸಿದಳು.

ಕೊನೆಗೊಂದು ಮಧ್ಯಾಹ್ನ ಅವನ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ಹೊಲಿಗೆ ಯಂತ್ರದ ಸದ್ದು ನಿಂತಿತು.

"ತಪ್ಪು ನನ್ನದು," ಎಂದಳು ಒಂದೇ ಉಸಿರಿಗೆ. "ಕುದಿಸಿದ್ರೂ ಪ್ರಯೋಜನ ಇಲ್ಲ ಅಂತ ನಿಮಗೆ ಹೇಳಲೇ ಇಲ್ಲ ನಾನು. ಹೇಳದೆ ನಿಮ್ಮನ್ನೇ ಅಪರಾಧಿ ಮಾಡಿದೆ. ಅಮ್ಮ... ಅಮ್ಮ ಹೇಗಿದ್ದಾರೆ?"

"ಕೋಲಿಲ್ಲದೆ ಏಳೋಕಾಗಲ್ಲ ಈಗ."

ಆ ತಿಂಗಳುಗಳ ನೀರಿನಿಂದಲೇ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಲಾರರು. ಅಲ್ಲ ಎಂದೂ ಹೇಳಲಾರರು. ಅವಳ ಕಣ್ಣು ತುಂಬಿ ಬಂತು.

"ತಂಗಿ?"

"ಬೇರೆ ಕಡೆ ಮದುವೆ ಆಯ್ತು. ಚೆನ್ನಾಗಿದ್ದಾಳೆ. ಅವಳಿಗೆ ನಿಮ್ಮ ಮೇಲೆ ಕೋಪ ಇಲ್ಲ." ಅವನು ತಲೆ ಎತ್ತಿದ. "ನನಗಿದೆ."

"ಎಲ್ಲರ ಮುಂದೆ ಬೈದದ್ದಕ್ಕಾ?"

"ಬೈದದ್ದಕ್ಕಲ್ಲ. ಬೈದು ಹೊರಟೇ ಹೋದ್ರಲ್ಲ, ಅದಕ್ಕೆ! ನಾನು ತಿರುಗಿ ಜಗಳ ಆಡಬೇಕಿತ್ತು, ಆಮೇಲೆ ಕ್ಷಮೆ ಕೇಳಬೇಕಿತ್ತು. ಬಣ್ಣ ಹಚ್ಚಬೇಡಿ ಅಂದವನು ನಾನೇ ತಾನೇ? ಆಮೇಲೆ ಇನ್ನೂ ಒಂದು ಮಾತು ಹೇಳಬೇಕಿತ್ತು... ಯಾರಿಗೆ ಹೇಳಲಿ? ನೀವೇ ಇಲ್ಲ."

ಒಳಗಿನಿಂದ ಅಮ್ಮನ ದನಿ ಬಂತು. "ಯಾರೋ ಅದು? ಬಂದವರನ್ನ ಬಾಗಿಲಲ್ಲೇ ನಿಲ್ಲಿಸಿಕೊಂಡು ಮಾತಾಡ್ತೀಯಲ್ಲ!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಚಪ್ಪಲಿ ಬಿಟ್ಟು ಹೊಸ್ತಿಲ ಬಳಿ ನಿಂತಳು.

"ಆ ಜಗಳ ಈಗ ಆಡಬಹುದಾ?"

"ಒಂದು ದಿನಕ್ಕೆ ಮುಗಿಯೋ ಜಗಳ ಅಲ್ಲ ರೀ ಅದು. ನಿಮಗೆ ಎಷ್ಟು ದಿನ ರಜಾ ಇದೆ?"

"ರಜಾ ಹಾಕಿ ಬಂದಿಲ್ಲ," ಎಂದಳು ಮೆಲ್ಲಗೆ. "ಇಲ್ಲಿಗೇ ವರ್ಗ ಕೇಳಿ ತಗೊಂಡು ಬಂದಿದ್ದೀನಿ."