ಮರ ಕುಟ್ಟದ ಮರಕುಟಿಗ

"ಪುಟ್ಟಿ, ವಸಿ ಬಗ್ಗಮ್ಮಿ. ನಿನ್ ತಲೆ ಅಡ್ಡ ಬಂದ್ರೆ ನಮ್ಗೆ ಹಕ್ಕಿ ಎಲ್ಲಿ ಕಾಣ್ತದೆ?" ಎಂದ ಶಿವಶಂಕರ. ಹಕ್ಕಿ ನೋಡಲು ಸಾಲಾಗಿ ಹೊರಟಿದ್ದ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು.

ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರದ ಹುಡುಗಿಗೆ ಪುಟ್ಟಿ ಅಂತ ಹೆಸರು. ಅಜ್ಜಿ ತೊಟ್ಟಿಲಲ್ಲಿ ಇಟ್ಟದ್ದು. ಮಗು ಹೀಗೆ ಬಿದಿರಿನ ಹಾಗೆ ಬೆಳೆಯುತ್ತದೆ ಅಂತ ಅಜ್ಜಿಗೇನು ಗೊತ್ತು, ಪಾಪ. ಪುಟ್ಟಿಗಂತೂ ಸಾಕುಸಾಕಾಗಿತ್ತು. ಹೆಸರನ್ನು ತೇಜಸ್ವಿನಿ ಅಂತ ಬದಲಾಯಿಸಿ ಎಂದು ಇವತ್ತು ಸುನೀಲ್ ಕುಮಾರ್ ಸಾರ್ ಹತ್ತಿರ ಕೇಳಿಯೇ ಬಿಡುವುದೆಂದು ಮನೆಯಿಂದಲೇ ಗಟ್ಟಿ ಮನಸ್ಸು ಮಾಡಿ ಬಂದಿದ್ದಳು.

"ಸಾರ್, ಒಂದ್ ಮಾತು..."

"ಆಮೇಲೆ ಹೇಳಮ್ಮ," ಎಂದರು ಸಾರ್. ತೆರಕಣಾಂಬಿಯ ಕೆರೆ ಏರಿ ಬಂದಿತ್ತು. "ಇವತ್ತು ಮರಕುಟಿಗ ಹುಡುಕೋಣ. ಮೊದಲು ಕಂಡವರ ಹೆಸರು ನಮ್ಮ ಹಕ್ಕಿ ಚಾರ್ಟಿಗೆ."

ಅಷ್ಟರಲ್ಲಿ ಟಕ್ ಟಕ್ ಟಕ್ ಸದ್ದು.

"ಅಲ್ಲಿ ಅದೆ ಕಣ್ಲಾ, ಹುಣಸೇಮರದಲ್ಲಿ," ಎಂದು ಶಿವಶಂಕರ ಓಡಿದ. ಎಲ್ಲರೂ ಅವನ ಹಿಂದೆ. ನೋಡಿದರೆ ಮರದ ಕೆಳಗೆ ಊರಿನ ನಿಂಗಯ್ಯ ಗುದ್ದಲಿಯ ಕಾವಿಗೆ ಬೆಣೆ ಹೊಡೆಯುತ್ತಾ ಕೂತಿದ್ದ.

"ಏನ್ರಲಾ, ನನ್ ನೋಡಕ್ಕೆ ಇಷ್ಟ್ ಜನ ಬಂದ್ರಾ?" ಎಂದ.

ಪುಟ್ಟಿ ಹೋಗಿರಲಿಲ್ಲ. ಅವಳ ಚಪ್ಪಲಿಯ ಬಾರು ಕಿತ್ತುಕೊಂಡಿತ್ತು. ಕಲ್ಲಿನ ಮೇಲೆ ಕೂತು ಅದನ್ನು ಸಿಕ್ಕಿಸುತ್ತಿದ್ದಾಗ, ಎದುರಿನ ಮಣ್ಣಿನಲ್ಲಿ ಬಿದ್ದಿದ್ದ ತೊಗಟೆ ಚೂರು ಟಣ್ಣನೆ ಕುಪ್ಪಳಿಸಿತು. ತೊಗಟೆಯಲ್ಲ, ಹಕ್ಕಿ. ಉದ್ದನೆಯ ನಾಲಿಗೆ ಚಾಚಿ ಇರುವೆ ಮುಕ್ಕುತ್ತಿತ್ತು. ಒಂದು ಮೈನಾ ಹತ್ತಿರ ಬಂದದ್ದೇ ತಡ, ಈ ಹಕ್ಕಿ ಕತ್ತನ್ನು ಹಾವಿನಂತೆ ತಿರುಚಿ ಹೆದರಿಸಿತು. ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಸದ್ದು ಮಾಡದೆ ಕೈಯಾಡಿಸಿ ಸಾರ್ ಅವರನ್ನು ಕರೆದಳು.

ಸಾರ್ ಬೈನಾಕ್ಯುಲರ್‌ನಲ್ಲಿ ನೋಡಿದರು. ಪುಸ್ತಕ ತಿರುವಿದರು. ಮತ್ತೆ ನೋಡಿದರು.

"ರೈನೆಕ್ ಕಣಮ್ಮ ಇದು, ಅಂದ್ರೆ ಕತ್ತು ತಿರುಚೋ ಹಕ್ಕಿ. ಚಳಿಗಾಲಕ್ಕೆ ದೂರದಿಂದ ಬರೋದು. ನಾನೂ ಇಲ್ಲಿ ಇದೇ ಮೊದಲ ಸಲ ನೋಡ್ತಿರೋದು. ಇದೂ ಮರಕುಟಿಗವೇ."

"ಮರಾನೇ ಕುಟ್ತಾ ಇಲ್ವಲ್ಲ ಸಾರ್," ಎಂದ ಶಿವಶಂಕರ, ಏದುಸಿರು ಬಿಡುತ್ತಾ. "ಇದ್ಯಾವ ಸೀಮೆ ಮರಕುಟಿಗ?"

"ಕುಟ್ಟಲ್ಲ. ಆದ್ರೂ ಅದೇ ಮನೆತನದ್ದು."

ಪುಟ್ಟಿ ಬೈನಾಕ್ಯುಲರ್ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಹಕ್ಕಿ ಯಾರ ಮಾತಿಗೂ ತಲೆ ಕೆಡಿಸಿಕೊಳ್ಳದೆ ಹೊಟ್ಟೆ ತುಂಬಾ ಇರುವೆ ತಿನ್ನುತ್ತಿತ್ತು. ಅದರ ಮೇಲೆ ಅವಳಿಗೆ ತುಂಬಾ ಪ್ರೀತಿ ಬಂತು.

ಕ್ಲಾಸಿಗೆ ಮರಳಿದ ಮೇಲೆ ಸಾರ್ ಸ್ಕೆಚ್ ಪೆನ್ ತೆಗೆದರು. "ಅದೇನೋ ಕೇಳ್ಬೇಕು ಅಂತಿದ್ದೆಯಲ್ಲಮ್ಮ?"

"ಏನಿಲ್ಲ ಬುಡಿ ಸಾರ್," ಎಂದಳು. "ಪುಟ್ಟಿ ಅಂತ ಬರೀರಿ. ದೊಡ್ಡಕ್ಷರದಲ್ಲಿ."

ಚಾರ್ಟಿನ ಮೊಳೆ ಗೋಡೆಯ ಮೇಲೆ ಎತ್ತರದಲ್ಲಿತ್ತು. ಶಿವಶಂಕರ ಸ್ಟೂಲ್ ತರಲು ಓಡಿದ. ಅವನು ಬರುವಷ್ಟರಲ್ಲಿ ಪುಟ್ಟಿ ಕೈ ಚಾಚಿ ಚಾರ್ಟನ್ನು ನೇತುಹಾಕಿಯಾಗಿತ್ತು.