ಮೇಜಿನ ಮೇಲೆ ಕೂರುವ ಯಂತ್ರ

"ಪುಡಿ ಇನ್ನೂ ನುಣ್ಣಗಾಗಬೇಕು ಮೇಡಂ."

ಮೊದಲ ಭೇಟಿಯ ಮೊದಲ ಮಾತೇ ಅದು! ಟೈಲ್ಸ್ ಕಾರ್ಖಾನೆಯ ಪ್ರಯೋಗಾಲಯಕ್ಕೆ ಅವಳು ಮುಖ್ಯಸ್ಥೆ. ಎಕ್ಸ್‌ರೇ ಡಿಫ್ರಾಕ್ಟೋಮೀಟರ್ ಮಾರಲು ಬಂದ ಆ ಇಂಜಿನಿಯರ್, ಕೂರುವ ಮೊದಲೇ ಅವಳ ಜೇಡಿಮಣ್ಣಿನ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ ತಪ್ಪು ಹುಡುಕಿದ್ದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಅವನು ಪುಟ್ಟ ಒರಳನ್ನು ಎಳೆದುಕೊಂಡು ತಾನೇ ಅರೆಯತೊಡಗಿದಾಗ, ಆ ಕೈಗಳನ್ನೇ ಯಾಕೆ ನೋಡುತ್ತ ನಿಂತಳೋ...

ನುಣ್ಣಗೆ ಅರೆದ ಮಣ್ಣಿನಲ್ಲಿ ಯಾವ ಖನಿಜ ಎಷ್ಟಿದೆ ಎಂದು ಹೇಳುವ ಯಂತ್ರವದು. ಅದಿಲ್ಲದೆ ಭಟ್ಟಿಯಿಂದ ಬಂದ ಟೈಲ್ಸ್ ಬಿರುಕು ಬಿಡುತ್ತಿದ್ದವು, ಬೈಗುಳ ಅವಳ ತಲೆಗೆ ಬೀಳುತ್ತಿತ್ತು. ಅವಳ ಕಣ್ಣು ಕೋಣೆ ತುಂಬುವ ದೊಡ್ಡ ಯಂತ್ರದ ಮೇಲಿತ್ತು. ಅವನದು ಮಾತ್ರ ಒಂದೇ ರಾಗ. ಈ ಕೆಲಸಕ್ಕೆ ಮೇಜಿನ ಮೇಲೆ ಕೂರುವ ಚಿಕ್ಕದೇ ಧಾರಾಳ. ದೊಡ್ಡದಕ್ಕೆ ಬಿಸಿಯೇರದಂತೆ ತಣ್ಣೀರು ಹರಿಸುವ ವ್ಯವಸ್ಥೆ ಬೇಕು, ತಿಂಗಳಿಗೊಮ್ಮೆ ತಾನೇ ಬಂದು ನೋಡಬೇಕು.

ಮಾರುವವನೇ ಬೇಡ ಅಂದರೆ? ಅವಳಿಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಹಾಗಂತ ಅವನ ಓಡಾಟವೇನೂ ನಿಲ್ಲಲಿಲ್ಲ. ಮೇಜು ಅಳೆಯಲು ಒಂದು ದಿನ, ಪ್ಲಗ್ಗು ನೋಡಲು ಒಂದು ದಿನ, ಮತ್ತೆ ಅದೇ ಮೇಜು ಅಳೆಯಲು ಇನ್ನೊಂದು ದಿನ. ಮೇಜೇನು ಬೆಳೆಯುತ್ತಾ ಎಂದು ಅವಳ ಅಕ್ಕ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಅವಳು ಸಿಡುಕಿ ಫೋನಿಟ್ಟಳು. ಮರುದಿನ ಗೇಟಿನ ಕಡೆ ಎಷ್ಟು ಸಲ ಕಣ್ಣು ಹೋಯಿತೋ ಅವಳಿಗೇ ಗೊತ್ತು.

ಕೊನೆಗೆ ಆರ್ಡರ್ ಕೊಡುವ ದಿನ ಬಂತು.

"ಚಿಕ್ಕದನ್ನ ತಗೊಳ್ಳಿ," ಅಂದ ಅವನು. "ಆಮೇಲೆ ನಾನು ಇಲ್ಲಿಗೆ ಬರೋ ಅಗತ್ಯಾನೇ ಬೀಳಲ್ಲ."

ಅವಳು ತೆರೆದ ಪೆನ್ನನ್ನು ಮತ್ತೆ ಮುಚ್ಚಿದಳು. ಓ... ಇಷ್ಟು ದಿನದ ಹಟ ಇದಕ್ಕೇನಾ? ನನ್ನ ಕಾಟ ತಪ್ಪಿದರೆ ಸಾಕಾಗಿದೆ ಇವನಿಗೆ!

"ದೊಡ್ಡದೇ ಬೇಕು," ಎಂದಳು.

ಅವನು ತಣ್ಣೀರಿನ ಪುರಾಣವನ್ನು ಮತ್ತೆ ಮೊದಲಿಂದ ಶುರುಮಾಡಿದ. ಅವಳ ತಾಳ್ಮೆಯ ಕಟ್ಟೆಯೊಡೆಯಿತು.

"ಇಲ್ಲಿಗೆ ಬರೋಕೆ ಅಷ್ಟೊಂದು ಬೇಜಾರಾ ನಿಮಗೆ?"

ಅವನು ಪೆಚ್ಚಾಗಿ ಅವಳನ್ನೇ ನೋಡಿದ. ದನಿ ತಗ್ಗಿತು.

"ಬೇಜಾರಲ್ಲ... ದೊಡ್ಡದನ್ನ ಮಾರಿದ್ರೆ ಪ್ರತಿ ತಿಂಗಳೂ ನಿಮ್ಮನ್ನ ನೋಡಬಹುದು. ಮೊದಲ ದಿನದಿಂದ ಅದೇ ಆಸೆ. ಆದ್ರೆ ನನ್ನ ಆಸೆಗೋಸ್ಕರ ನಿಮಗೆ ಬೇಡದ ಯಂತ್ರ ತಗುಲಿಸೋಕೆ ಮನಸ್ಸು ಒಪ್ಪಲಿಲ್ಲ."

ಅವಳಿಗೆ ಅಳು, ನಗು, ಕೋಪ ಮೂರೂ ಒಟ್ಟಿಗೆ ಬಂದವು. ಎಂಥ ಪೆದ್ದ ಇವನು! ಇವನಿಗಿಂತ ಪೆದ್ದಿ ತಾನು.

ಅವಳು ಚಿಕ್ಕ ಯಂತ್ರಕ್ಕೇ ಸಹಿ ಹಾಕಿದಳು. ಅವನ ಮುಖ ಸಪ್ಪಗಾಯಿತು.

"ಸರಿಯಾದ್ದನ್ನೇ ಆರಿಸಿದ್ರಿ... ಇನ್ನು ನಾನು ಯಾವ ನೆಪದಲ್ಲಿ ಬರಲಿ?"

ಅವಳು ಒರಳನ್ನು ಅವನ ಮುಂದೆ ಸರಿಸಿದಳು.

"ನೆಪ ಯಾಕೆ? ನನ್ನ ಪುಡಿ ಇನ್ನೂ ದಪ್ಪಗೇ ಇದೆ. ಬಂದು ಅರೆದುಕೊಡಿ... ಆ ಮೇಜನ್ನ ಮಾತ್ರ ಇನ್ನು ಅಳೀಬೇಡಿ."